ಬೋರ್ಡಿನ ಹಿಂಬದಿ

ಇಡ್ಲಿ ತಟ್ಟೆಯ ಕುಳಿಗಳ ಮೇಲೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹುಯ್ಯುತ್ತಿದ್ದ ವೇದವತಿಗೆ ಹೊರಗಿನಿಂದ ಗಂಡನ ದನಿ ಕೇಳಿಸಿತು.

"ವೇದಾ, ಬಾ ಬೇಗ. ಬೋರ್ಡ್ ಏರಿಸ್ತಾ ಇದಾರೆ."

"ಹಿಟ್ಟು ಹಾಕ್ತಾ ಇದೀನಿ ಕಣ್ರೀ. ಇದೊಂದು ಒಲೆಗಿಟ್ಟು ಬರ್ತೀನಿ."

"ಇಡ್ಲಿ ಎಲ್ಲಿಗೂ ಹೋಗಲ್ಲ, ಬಾರೇ."

ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವಳು ಬೀದಿಗೆ ಬಂದಳು. ಮತ್ತಿಕೆರೆಯ ದೊಡ್ಡ ರಸ್ತೆಗೆ ಮುಖ ಮಾಡಿದ್ದ ಬಾಡಿಗೆ ಮನೆ ಅದು. ಮುಂದಿನ ಕೋಣೆಯಲ್ಲಿ ಮೊನ್ನೆಯವರೆಗೂ ಮಂಚವಿತ್ತು, ಪುಸ್ತಕದ ಕಪಾಟಿತ್ತು. ಈಗ ನಾಲ್ಕು ಮೇಜು, ಎಂಟು ಬೆಂಚು ಬಂದು ಹೋಟೆಲಾಗಿತ್ತು. ಪೇಂಟರ್ ವೆಂಕಟಸ್ವಾಮಿ ಏಣಿಯ ಮೇಲೆ ನಿಂತು, ಹಳೆಯ ಪೇಪರು ಸುತ್ತಿದ್ದ ತಗಡಿನ ಬೋರ್ಡನ್ನು ಬಾಗಿಲ ಮೇಲಿನ ಎರಡು ಕಬ್ಬಿಣದ ಕೊಂಡಿಗಳಿಗೆ ಸಿಕ್ಕಿಸುತ್ತಿದ್ದ. ಕೆಳಗೆ ಅತ್ತೆ ಸುಬ್ಬಲಕ್ಷ್ಮಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. ಮಗಳು ಜಯಾ ಕಾಲೇಜಿಗೆ ಹೊರಟವಳು ಹೊಸ್ತಿಲಲ್ಲೇ ನಿಂತಿದ್ದಳು.

"ನೋಡ್ಕಳಿ ಅಮ್ಮಾವ್ರೇ," ಎಂದು ವೆಂಕಟಸ್ವಾಮಿ ಪೇಪರನ್ನು ಪರ್ರನೆ ಹರಿದ. "ಮುಖ ಅಂದ್ರೆ ಮುಖ ಇದು. ಕರದ್ರೆ ಓ ಅಂತದೆ."

ಬದರಿ ಇದ್ದ.

ತಿಳಿನೀಲಿ ಬಣ್ಣದ ಹಿನ್ನೆಲೆ. ಬಲಗಡೆ ಕಪ್ಪು ಅಕ್ಷರದಲ್ಲಿ ‘ಶ್ರೀ ಬದರೀನಾಥ ಫಲಾಹಾರ ಮಂದಿರ’. ಎಡಗಡೆ ದುಂಡನೆಯ ಚೌಕಟ್ಟಿನೊಳಗೆ ಬದರಿಯ ಮುಖ; ಎಡಗಣ್ಣಿನ ಹುಬ್ಬು ಸ್ವಲ್ಪ ಮೇಲೆ, ಆಡಬೇಕೆಂದ ಮಾತನ್ನು ತಡೆದುಕೊಂಡಂತಹ ತುಟಿ, ಶರ್ಟಿನ ಕಾಲರು. ಚೌಕಟ್ಟಿನ ಸುತ್ತ ಸೇವಂತಿಗೆಯ ಹಾರ.

ವೇದವತಿಯ ಕೈ ಸೆರಗಿನಲ್ಲೇ ನಿಂತುಹೋಯಿತು. ಹೋದ ಶ್ರಾವಣದಲ್ಲಿ ಕಾಮಾಲೆ ಅಂತ ಮಲಗಿದ ಮಗ ಎದ್ದಿರಲಿಲ್ಲ. ಹತ್ತೊಂಬತ್ತು ತುಂಬಿತ್ತು. ಅದಾಗಿ ಮೂರು ತಿಂಗಳಿಗೆ ಗಂಡ ಸೇತುರಾಮ ಡ್ರಾಫ್ಟ್ಸ್‌ಮನ್ ಆಗಿದ್ದ ಯಶವಂತಪುರದ ಕಾರ್ಖಾನೆಗೆ ಬೀಗ ಬಿತ್ತು. ಒಂದರ ದುಃಖ ಪಡುವುದಕ್ಕೂ ಬಿಡುವು ಕೊಡದ ಹಾಗೆ ಇನ್ನೊಂದು. ಅಡಿಗೆಯೊಂದು ಬಿಟ್ಟರೆ ಆ ಮನೆಯವರಿಗೆ ಬರುತ್ತಿದ್ದ ವಿದ್ಯೆ ಬೇರೆ ಇರಲಿಲ್ಲ. ಅದೂ ಬರುತ್ತಿದ್ದದ್ದು ವೇದವತಿಗೆ. ಸುತ್ತಮುತ್ತ ರೂಮು ಮಾಡಿಕೊಂಡಿರುವ ಕಾಲೇಜು ಹುಡುಗರಿದ್ದಾರೆ, ಹೋಟೆಲ್ ಇಡೋಣ ಅಂದವನು ಸೇತುರಾಮ. ಹುಡುಗನ ಹೆಸರಿಡೋಣ ಅಂದವರು ಅವನ ತಾಯಿ. ಮುಖವನ್ನೂ ಬರೆಸೋಣ ಎಂದು ಅವನಿಗೇ ಆಮೇಲೆ ಹೊಳೆದದ್ದು.

"ಹಾರ ಯಾಕೆ ಹಾಕಿದ್ರಿ?" ಎಂದಳು ವೇದವತಿ.

"ಬರೀ ಮುಖ ಬೋಳ್‌ಬೋಳಾಗಿ ಕಾಣ್ತಿತ್ತಮ್ಮಾ. ಅಜ್ಜಿಯವ್ರನ್ನ ಕೇಳೇ ಹಾಕಿದ್ದು."

"ಹಾರ ಇಲ್ದೆ ಹಾಗೇ ಬಿಡ್ತಾರೇನೆ ಮಗೂನ?" ಸುಬ್ಬಲಕ್ಷ್ಮಮ್ಮ ಕರ್ಪೂರ ಹಚ್ಚಿದರು.

"ವರ್ಷದೊಳಗೆ ಪೂಜೆಗೀಜೆ ಬೇಡ ಅಂದಿದ್ರಲ್ಲ ಅಜ್ಜಿ," ಎಂದಳು ಜಯಾ.

"ಇದು ಪೂಜೆ ಅಲ್ಲ ಕಣೇ. ಅವನಿಗೊಂದು ಆರತಿ ಅಷ್ಟೆ."

ಆರತಿ ಎತ್ತಿದರು. ಎದುರಿನ ಬಸ್ ಸ್ಟಾಪಿನಲ್ಲಿ ನಿಂತಿದ್ದವರು ನೋಡಿದರು. ಒಬ್ಬ ಮುದುಕ ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಸೇತುರಾಮ ಕೈಮುಗಿದು ನಿಂತೇ ಇದ್ದ. ಎಷ್ಟೋ ತಿಂಗಳಾದ ಮೇಲೆ ಗಂಡನ ಮುಖದಲ್ಲಿ ಒಂದಿಷ್ಟು ಕಳೆ ಕಂಡು ವೇದವತಿ ಹಾರದ ಮಾತು ಬಿಟ್ಟು ಒಳಗೆ ಹೋದಳು.

ಪೇಂಟರು ಹೋಗುವಾಗ ಬದರಿಯ ಫೋಟೋ ವಾಪಸು ಕೊಟ್ಟ. ಕಾಲೇಜಿಗೆ ಸೇರುವಾಗ ತೆಗೆಸಿದ್ದು. ಉಪನಯನದ ಫೋಟೋ ಬಿಟ್ಟರೆ ಮನೆಯಲ್ಲಿ ಅವನದು ಅದೊಂದೇ. ಅಳತೆ ಹಿಡಿದು ದೊಡ್ಡದು ಮಾಡುವುದಕ್ಕೆಂದು ಅದರ ಮೇಲೆಲ್ಲ ಇಂಕಿನಲ್ಲಿ ಚೌಕ ಚೌಕವಾಗಿ ಗೆರೆ ಎಳೆದಿದ್ದ. "ಎಲ್ರೂ ಮಾಡೋದು ಇಂಗೇನೇ ಸಾರ್," ಎಂದ. ಸಂಜೆ ಸೇತುರಾಮ ಬ್ಲೇಡು ಹಿಡಿದು ಗೆರೆಗಳನ್ನು ಒಂದೊಂದಾಗಿ ಕೆರೆಯಲು ಕೂತ. ಗೆರೆಯ ಜೊತೆಗೆ ಮೂಗೂ ಒಂದು ಕಣ್ಣೂ ಎದ್ದುಬಂದವು. "ಹೋಗ್ಲಿ ಬಿಡು, ಬೋರ್ಡಿನ ಮೇಲೆ ಇದೆಯಲ್ಲ," ಎಂದು ಫೋಟೋವನ್ನು ಕಪಾಟಿನೊಳಗೆ ಹಾಕಿದ.

ಇಡ್ಲಿ ಚೆನ್ನಾಗಿತ್ತು. ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಚಟ್ನಿಗೆ ಕಾಯಿಯನ್ನು ಧಾರಾಳವಾಗಿಯೇ ಹಾಕುತ್ತಿದ್ದಳು; ಕಾಫಿಗೆ ಬೀಜ ಮನೆಯಲ್ಲೇ ಹುರಿಯುತ್ತಿದ್ದಳು. ಆದರೆ ಜನ ಬರಲಿಲ್ಲ. ಹುಡುಗರು ಹಿಂಡುಹಿಂಡಾಗಿ ಬಸ್ಸಿಳಿಯುತ್ತಿದ್ದರು, ತಲೆಯೆತ್ತಿ ಬೋರ್ಡು ನೋಡುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡಿಕೊಂಡು ತಿರುವಿನಲ್ಲಿದ್ದ ಬ್ಯಾಟರಾಯಪ್ಪನ ತಳ್ಳುಗಾಡಿಯ ಕಡೆ ಹೋಗುತ್ತಿದ್ದರು. ಅವನ ಗಾಡಿಗೆ ಬೋರ್ಡೇ ಇರಲಿಲ್ಲ.

ಬಂದ ಒಬ್ಬಿಬ್ಬರು ಕೂಡ ವಿಚಿತ್ರವಾಗಿ ನಡೆದುಕೊಳ್ಳುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರು. ಮೆತ್ತಗೆ ಮಾತಾಡುತ್ತಿದ್ದರು. ಎರಡನೆಯ ಸಲ ಚಟ್ನಿ ಕೇಳುತ್ತಿರಲಿಲ್ಲ. ಕನ್ನಡಕದ ಹುಡುಗನೊಬ್ಬ ತಟ್ಟೆ ಇಟ್ಟ ಸೇತುರಾಮನನ್ನು, "ಯಾವಾಗ ಹೋದ್ರು ಸಾರ್?" ಎಂದು ಕೇಳಿದ.

"ಹೋದ ಆಗಸ್ಟ್."

"ಹ್ಞಾಂ," ಎಂದು ಹುಡುಗ ತಟ್ಟೆ ನೋಡುತ್ತ ಕೂತ. ಒಂದು ಇಡ್ಲಿ ಹಾಗೇ ಬಿಟ್ಟು ದುಡ್ಡಿಟ್ಟು ಹೋದ. ಮರುದಿನದಿಂದ ಕಾಣಲಿಲ್ಲ.

ಉಳಿದ ಇಡ್ಲಿಯನ್ನು ಪುಡಿಮಾಡಿ, ಒಗ್ಗರಣೆ ಹಾಕಿ ಮನೆಯವರೇ ತಿನ್ನುತ್ತಿದ್ದರು. ಮಧ್ಯಾಹ್ನವೂ ಅದೇ, ಸಾಯಂಕಾಲವೂ ಅದೇ.

"ಅಮ್ಮಾ, ಇವತ್ತೂ ಇಡ್ಲಿ ಉಪ್ಪಿಟ್ಟಾ?" ಎಂದಳು ಜಯಾ ಒಂದು ದಿನ. "ಒಂದು ಹಿಡಿ ಅನ್ನ ಮಾಡಕ್ಕೆ ಆಗಲ್ವಾ?"

"ಇರೋದನ್ನ ಚೆಲ್ಲಿ ಅನ್ನ ಮಾಡ್ಲಾ? ಸುಮ್ನೆ ತಿನ್ನು."

"ಹೊಸ ಹೋಟ್ಲು. ಹೆಸರಾಗೋಕೆ ಟೈಮ್ ಬೇಕು," ಎಂದ ಸೇತುರಾಮ.

"ಹೆಸರು ಆಗಿದೆ ಅಪ್ಪ," ಎಂದು ಜಯಾ ತಟ್ಟೆ ಎತ್ತಿಕೊಂಡು ಎದ್ದಳು. ಏನಾಗಿದೆ ಎಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಹೇಳಿದವಳು ಮನೆಯ ಒಡತಿ ಮುನಿಕೃಷ್ಣಮ್ಮ. ಮೊದಲು ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಸಾಲಾಗಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಳು ಅವಳು. ಯುಗಾದಿಗೆ ಮೊದಲು, ಈ ಮನೆಯಲ್ಲಿ ಹಬ್ಬವಿಲ್ಲವೆಂದು ಗೊತ್ತಿದ್ದೂ, ಒಂದು ಮೊರದ ತುಂಬ ಮಾವಿನಕಾಯಿ, ನುಗ್ಗೆಕಾಯಿ ಹಿಡಿದು ಹಿತ್ತಲ ಬಾಗಿಲಿಗೆ ಬಂದಳು.

"ಬೇಜಾರ್ ಮಾಡ್ಕಬ್ಯಾಡಿ ವೇದಮ್ಮಾ. ನಾನ್ ಏಳ್ಬಾರ್ದು, ಆದ್ರೂ ಏಳ್ತೀನಿ."

"ಹೇಳಿ."

"ನಿಮ್ ಓಟ್ಲಿಗೆ ಐಕ್ಳು ಏನಂತ ಕರೀತಾವೆ ಗೊತ್ತಾ? ತಿಥಿ ಓಟ್ಲು ಅಂತ."

ವೇದವತಿ ಕಾಯಿ ತುರಿಯುತ್ತಿದ್ದಳು. ಆ ಹೋಳು ಮುಗಿಸಿ ಇನ್ನೊಂದು ಹೋಳು ಎತ್ತಿಕೊಂಡಳು.

"ಸತ್ತೋರ ಪಟಕ್ಕೆ ಆರ ಆಕಿ ಬಾಗ್ಲ ಮ್ಯಾಗೆ ಇಟ್ರೆ ಅದರ ಕೆಳಗೆ ಕುಂತು ಯಾರು ಉಣ್ತಾರಮ್ಮಾ? ನನ್ ಮಗ ಲಕ್ಕಣ್ಣನೂ ಅಂದ, ಒಳಿಕ್ಕೋದ್ರೆ ಎದೆ ಇಂಡ್ದಂಗಾಯ್ತದೆ, ಕಾಫಿ ಗಂಟ್ಲಲ್ಲಿ ಇಳಿಯಾಕಿಲ್ಲ ಅಂತ. ನಿಮ್ ಮಗ ಚಿನ್ನದಂತಾ ಉಡ್ಗ. ನಾನು ಎತ್ತಾಡ್ಸಿಲ್ವಾ? ಆದ್ರೂ ಓಟ್ಲು ಓಟ್ಲೇ ಅಲ್ವಾ ತಾಯಿ."

"ಹೌದು," ಎಂದಳು ವೇದವತಿ. "ಕಾಫಿ ಕುಡೀತೀರಾ?"

"ಕೊಡಿ, ಇಲ್ಲೇ ಇತ್ಲಲ್ಲೇ ಕುಂತ್ಕಂಡು ಕುಡೀತೀನಿ," ಎಂದಳು ಮುನಿಕೃಷ್ಣಮ್ಮ. ಮುಂದಿನ ಕೋಣೆಗೆ ಬರಲಿಲ್ಲ.

ಆ ಮಾತನ್ನು ವೇದವತಿ ಯಾರಿಗೂ ಹೇಳದೆ ಇಟ್ಟುಕೊಂಡಳು. ದಿನಾ ಬೆಳಿಗ್ಗೆ ಸುಬ್ಬಲಕ್ಷ್ಮಮ್ಮ ಊರುಗೋಲು ಹಿಡಿದು ಬೀದಿಗಿಳಿದು, ಮೊಮ್ಮಗನ ಮುಖ ನೋಡಿ, "ತಿಂಡಿ ಆಯ್ತೇನಪ್ಪಾ?" ಎಂದು ಕೇಳಿ ಬರುತ್ತಿದ್ದರು. ಅದನ್ನು ಕಿವಿಯಾರೆ ಕೇಳುತ್ತ ‘ಮುಖ ತೆಗೆಸಿ’ ಎಂದು ಯಾವ ಬಾಯಲ್ಲಿ ಹೇಳುವುದು? ಆದರೆ ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಸೇತುರಾಮನೇ ಬಾಯಿ ಬಿಡಿಸಿದ.

"ಜಯಾ, ಮುಂದಿನ ವರ್ಷ ನಿನ್ನ ಕಾಲೇಜು ಕಷ್ಟ ಆಗತ್ತಮ್ಮ. ಪಿಯುಸಿ ಆಯ್ತಲ್ಲ, ಸಾಕು. ನೀನು ಮನೇಲಿದ್ರೆ ಅಮ್ಮನಿಗೂ ಸಹಾಯ."

"ಸಹಾಯಾನಾ? ಯಾತಕ್ಕೆ? ಇರೋ ಇಡ್ಲೀನೇ ಹೋಗ್ತಾ ಇಲ್ಲ."

"ಬಾಯಿ ಜಾಸ್ತಿ ಆಯ್ತು ನಿಂದು."

"ಬದರಿ ಹೋದ, ನಿಜ. ಆದ್ರೆ ನಾನು ಇದೀನಲ್ಲ ಅಪ್ಪ. ನನ್ನನ್ನ ಒಂದ್ಸಲ ನೋಡಿ."

ಸೇತುರಾಮ ತುತ್ತು ಕೈಯಲ್ಲೇ ಹಿಡಿದು ಕೂತ. ಇಡ್ಲಿ ಉಪ್ಪಿಟ್ಟು ಬಡಿಸುತ್ತಿದ್ದ ವೇದವತಿ ಪಾತ್ರೆ ಕೆಳಗಿಟ್ಟಳು.

"ರೀ, ಬೋರ್ಡಿಂದ ಅವನ ಮುಖ ತೆಗೆಸಿ."

"ಏನಂದೆ?"

"ತಿಥಿ ಹೋಟ್ಲು ಅಂತಾರಂತೆ. ಊರಿಗೆಲ್ಲ ಗೊತ್ತು. ಜನ ಒಳಗೆ ಬರಲ್ಲ ಕಣ್ರೀ. ಬಂದವರೂ ಸಾವಿನ ಮನೆಗೆ ಬಂದ ಹಾಗೆ ಬರ್ತಾರೆ."

"ಯಾವನು ಅಂದಿದ್ದು?"

"ಯಾರು ಅಂದ್ರೇನು? ಹಾರ ಹಾಕಿದ ಮುಖ ನೋಡ್ಕೊಂಡು ನೀವಾದ್ರೂ ಇನ್ನೊಬ್ಬರ ಹೋಟ್ಲಲ್ಲಿ ದೋಸೆ ತಿಂತಿದ್ರಾ?"

ಸುಬ್ಬಲಕ್ಷ್ಮಮ್ಮ ಬಾಳೆಲೆ ಮಡಿಸಿಬಿಟ್ಟರು. "ಹೆತ್ತ ತಾಯಿ ಆಡೋ ಮಾತೇನೆ ಇದು? ಅವನು ಎರಡು ದಿನ ಬಾಗಿಲ ಮೇಲಿದ್ರೆ ನಿನಗೆ ಭಾರವಾಯ್ತಾ? ಕಲ್ಲು. ಕಲ್ಲು ಕಣೇ ನೀನು."

"ಅತ್ತೆ, ಜಯಾ ಕಾಲೇಜು..."

"ಅವಳ ಕಾಲೇಜಿಗೆ ಇವನ ಮುಖ ಒರೆಸ್ತೀಯಾ?"

"ಒರೆಸಿ ಅಂತ ನಾನೇನು ಸಂತೋಷಕ್ಕೆ ಹೇಳ್ತಿದೀನಾ?" ಎನ್ನುವಷ್ಟರಲ್ಲಿ ಸೇತುರಾಮ ಕೈತೊಳೆಯುವುದಕ್ಕೆ ಎದ್ದಾಗಿತ್ತು.

ಅಲ್ಲಿಂದ ಮುಂದೆ ಅವನು ಹೆಂಡತಿಯೊಡನೆ ಮಾತು ಬಿಟ್ಟ. "ಜಯಾ, ಅಮ್ಮನಿಗೆ ಕೇಳು, ಸೀಮೆಎಣ್ಣೆ ಇದೆಯಾ ಅಂತ." "ಜಯಾ, ಅಪ್ಪನಿಗೆ ಹೇಳು, ನಾಳೆಗಾಗತ್ತೆ ಅಂತ." ಇಬ್ಬರೂ ಮೂರಡಿ ದೂರದಲ್ಲೇ ಇರುತ್ತಿದ್ದರು. "ನನಗೇನು ಟಪಾಲಿನ ಕೆಲಸಾನಾ?" ಎಂದು ಜಯಾ ಗೊಣಗುತ್ತಿದ್ದಳು. ಅತ್ತೆ ಸೊಸೆಯ ಕೈಯ ಕಾಫಿ ಕುಡಿಯುತ್ತಿದ್ದರು, ಆದರೆ ಲೋಟವನ್ನು ಅವಳ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ; ಕಟ್ಟೆಯ ಮೇಲಿಡು ಅನ್ನುತ್ತಿದ್ದರು.

ವೈಶಾಖದ ಒಂದು ಬೆಳಿಗ್ಗೆ, ತಿಂಡಿಯ ಹೊತ್ತು ಮೀರಿದ ಮೇಲೆ, ಇಬ್ಬರು ಹಿರಿಯರು ಬಾಗಿಲ ಮುಂದೆ ನಿಂತರು. ಒಬ್ಬರ ಕೈಯಲ್ಲಿ ಛತ್ರಿ, ಇನ್ನೊಬ್ಬರ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ತಲೆಯೆತ್ತಿ ಮುಖ ನೋಡಿದರು, ಚಪ್ಪಲಿ ಬಿಟ್ಟು ಒಳಗೆ ಬಂದು ಹಣ್ಣನ್ನು ಮೇಜಿನ ಮೇಲಿಟ್ಟರು. ಅಡಿಗೆಮನೆಯ ಕಿಂಡಿಯಿಂದ ವೇದವತಿ ನೋಡುತ್ತಿದ್ದಳು.

"ತುಂಬ ಚಿಕ್ಕ ವಯಸ್ಸು," ಎಂದರು ಛತ್ರಿಯವರು. "ನೀವು ತಂದೇನಾ?"

"ಹೌದು," ಎಂದ ಸೇತುರಾಮ.

"ಆಫೀಸಲ್ಲಿ ರಾಜಣ್ಣ ಹೇಳಿದಾಗ ನಂಬಕ್ಕೇ ಆಗ್ಲಿಲ್ಲ. ಧೈರ್ಯ ತಂದ್ಕೋಬೇಕು. ಉಳಿದವರನ್ನ ನೋಡ್ಕೊಂಡು ಇರ್ಬೇಕು, ಇನ್ನೇನು ಮಾಡೋದು?"

ಸೇತುರಾಮ ತಲೆಯಾಡಿಸಿದ. ಯಾವ ರಾಜಣ್ಣ ಎಂದು ಕೇಳಲಿಲ್ಲ. ಹೋದ ವರ್ಷ ಆ ಹನ್ನೆರಡು ದಿನಗಳಲ್ಲಿ ಅವನು ಅತ್ತಿರಲಿಲ್ಲ. ಈಗ ಯಾರೋ ಅಪರಿಚಿತರ ಎದುರು ಟವೆಲು ಬಾಯಿಗೊತ್ತಿಕೊಂಡು ಬಿಕ್ಕಿದ. ಹಣ್ಣು ತಂದವರು ಅವನ ಬೆನ್ನು ಸವರಿದರು. ಸ್ವಲ್ಪ ಹೊತ್ತಾದ ಮೇಲೆ ಅವರು ಸುತ್ತ ನೋಡಿ, "ರಾಜಣ್ಣ ಕಾಣ್ತಾ ಇಲ್ವಲ್ಲ? ಎಲೆ ಹಾಕೋದು ಎಷ್ಟು ಹೊತ್ತಿಗೆ?" ಎಂದರು. ಅಷ್ಟರಲ್ಲಿ ಗೋಡೆಯ ಮೇಲೆ ಬರೆದಿದ್ದ ‘ಕಾಫಿ, ಟೀ’ ಅವರ ಕಣ್ಣಿಗೆ ಬಿತ್ತು.

ಛತ್ರಿಯವರ ಮುಖ ಕೆಂಪಾಯಿತು.

"ಕ್ಷಮಿಸ್ಬೇಕು ಸ್ವಾಮಿ. ನಮ್ಮ ಆಫೀಸಿನ ರಾಜಣ್ಣನ ತಮ್ಮ ತೀರ್ಕೊಂಡ್ರು, ಇವತ್ತು ವೈಕುಂಠ ಸಮಾರಾಧನೆ. ಇದೇ ರಸ್ತೆ ಅಂದಿದ್ರು. ಮೇಲೆ ಫೋಟೋ ನೋಡಿ..."

"ಮುಂದಿನ ಕ್ರಾಸ್ ಇರ್ಬೇಕು. ಶಾಮಿಯಾನ ಹಾಕಿದಾರೆ," ಎಂದ ಸೇತುರಾಮ. "ಬಂದಿದೀರಿ. ಕಾಫಿ ಕುಡಿದು ಹೋಗಿ."

ಕುಡಿದರು. ದುಡ್ಡು ಕೊಡಲು ಹೋದಾಗ ಅವನು ಬೇಡವೆಂದ. ಹಣ್ಣಿನ ಚಿಪ್ಪನ್ನು ವಾಪಸು ಕೊಟ್ಟ. ಅವರು ಹೋದ ಮೇಲೆ ರಸ್ತೆ ದಾಟಿ ಬಸ್ ಸ್ಟಾಪಿಗೆ ಹೋದ. ತುಂಬ ಹೊತ್ತು ಅಲ್ಲಿಂದ ಬೋರ್ಡು ನೋಡುತ್ತ ನಿಂತಿದ್ದ. ಎರಡು ಬಸ್ಸು ಬಂದು ನಿಂತು ಹೋದವು.

ಸಂಜೆ ಅಡಿಗೆಮನೆಯ ಬಾಗಿಲಿಗೆ ಬಂದು, ಜಯಾಳನ್ನು ಕರೆಯದೆ, ನೇರವಾಗಿ ಹೆಂಡತಿಗೇ ಹೇಳಿದ: "ಒರೆಸೋದು ಬೇಡ. ತಗಡು ತಿರುಗಿಸಿ ಹಿಂದಿನ ಮಗ್ಗುಲಿಗೆ ಬರೆಸ್ತೀನಿ. ಅವನು ಹಿಂದಿರ್ಲಿ."

"ಹೂಂ," ಎಂದಳು ವೇದವತಿ.

"ಏನು ಬರೆಸ್ಬೇಕು ಅಂತ ನೀನೇ ಹೇಳು. ನನಗೆ ತಲೆ ಓಡಲ್ಲ."

ಏನು ಬರೆಸಬೇಕೆಂದು ವೇದವತಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ರಂಗೋಲಿ. ಮರುದಿನ ಮಧ್ಯಾಹ್ನ ಅವಳೂ ಜಯಾಳೂ ಹಿತ್ತಲ ಸಿಮೆಂಟು ನೆಲ ತೊಳೆದು, ಬೋರ್ಡಿನಷ್ಟೇ ಉದ್ದಗಲಕ್ಕೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದು, ಒಳಗೆ ಅಕ್ಷರ ಬರೆದರು. ಆಮೇಲೆ ಮಹಡಿ ಹತ್ತಿ ಮೇಲಿಂದ ನೋಡಿದರು.

"ಶ್ರೀ ಬದರೀನಾಥ ಫಲಾಹಾರ ಮಂದಿರ ಅಂತ ಅಷ್ಟುದ್ದ ಓದೋ ಹೊತ್ತಿಗೆ ಬಸ್ಸೇ ಹೋಗಿರತ್ತೆ," ಎಂದಳು ಜಯಾ.

"ಹಸಿದವರು ಓದ್ತಾರಾ? ಏನು ಸಿಗತ್ತೆ ಅಂತ ನೋಡ್ತಾರೆ ಅಷ್ಟೆ," ಎಂದು ವೇದವತಿ ಕೆಳಗೆ ಹೋಗಿ ಎಲ್ಲ ಅಳಿಸಿ ‘ಬಿಸಿ ಇಡ್ಲಿ’ ಎಂದಷ್ಟೇ ಬರೆದಳು. ಮತ್ತೆ ಮಹಡಿ. ಅಕ್ಷರ ಸಣ್ಣದಾಯಿತು. ಮತ್ತೆ ಕೆಳಗೆ. ಈ ಸಲ ಪೊರಕೆಯಷ್ಟು ದಪ್ಪ ಗೆರೆ.

ವೆಂಕಟಸ್ವಾಮಿ ಬಂದವನು ನೆಲ ನೋಡಿ ನಕ್ಕ. "ಏನಮ್ಮಾ, ನನ್ ಕೆಲ್ಸಕ್ಕೇ ಕುತ್ತು ತರ್ತೀರಾ? ಕೆಂಪಕ್ಷರ ಆಕ್ತೀನಿ, ಇಂದುಗಡೆ ಹಳದಿ. ನೀಲಿ ಬ್ಯಾಡ. ನೀಲಿ ನೋಡಿದ್ರೆ ಔಷ್ದಿ ಅಂಗಡಿ ಅನ್ಕತಾರೆ."

"ಆಗಲೇ ಯಾಕೆ ಹೇಳ್ಲಿಲ್ಲ ನೀವು?" ಎಂದಳು ಜಯಾ.

"ಆಗ ನನಗೆ ಮುಖದ್ದೇ ಗ್ಯಾನ ಕಣವ್ವಾ. ಅಂಗೆ ಬರೆಯೋ ಚಾನ್ಸು ನಮಗೆ ಯಾವಾಗ್ಲೂ ಸಿಗ್ತದಾ?" ಎಂದು ಅವನು ತಲೆ ಕೆರೆದುಕೊಂಡ. "ಒಂದು ತಟ್ಟೆ ಬರ್ದು ಮ್ಯಾಲೆ ಒಗೆ ಏಳಿಸ್ಲಾ?"

"ಬರೀರಿ. ಬಾಳೆಲೆ ಬೇಡ," ಎಂದಳು ವೇದವತಿ.

ಸೇತುರಾಮ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ. ಕೊನೆಗೆ ತಡೆಯಲಾಗದೆ ಕೆಳಗಿಳಿದು ಬಂದು, ಕಾಲಿನ ಹೆಬ್ಬೆರಳಿನಿಂದ ರಂಗೋಲಿ ಸರಿಸಿ, "ಎರಡು ಪದದ ಮಧ್ಯೆ ಇಷ್ಟು ಜಾಗ ಬಿಡು, ಉಸಿರಾಡ್ಲಿ. ಬೋರ್ಡನ್ನ ಗೋಡೆಗೆ ಅಂಟಿಸಿ ಹೊಡೀಬೇಡಪ್ಪ, ಮುಂದಕ್ಕೆ ವಾಲಿಸು, ಬಸ್ಸಿನ ಕಿಟಕಿಗೆ ಕಾಣ್ಬೇಕು," ಎಂದ. ಕೆಳಗಿನ ಮೂಲೆಯಲ್ಲಿ ಚಿಕ್ಕದಾಗಿ ‘ಶ್ರೀ ಬದರಿ’ ಎಂದಿರಲಿ ಎಂದೂ ಹೇಳಿದ. ಅದು ದೇವರ ಹೆಸರೂ ಹೌದು. ಯಾರೂ ಏನೂ ಅನ್ನುವ ಹಾಗಿರಲಿಲ್ಲ.

ಬೋರ್ಡು ಇಳಿಸುವ ದಿನ ಸುಬ್ಬಲಕ್ಷ್ಮಮ್ಮ ದೇವರ ಕೋಣೆಯಿಂದ ಹೊರಗೆ ಬರಲಿಲ್ಲ. "ಗೋಡೆ ಕಡೆಗೆ ಮುಖ ಮಾಡಿ ನಿಲ್ಲಿಸ್ತಾರೆ ಮಗೂನ, ತಪ್ಪು ಮಾಡಿದ ಹುಡುಗನ್ನ ನಿಲ್ಲಿಸೋ ಹಾಗೆ," ಎಂದು ಒಳಗಿನಿಂದಲೇ ಅಂದರು. ಸೊಸೆಗೆ ಕೇಳಿಸಲೆಂದೇ ಅಂದದ್ದು. ಕೇಳಿಸಿತು.

ಕಾಲೇಜು ಶುರುವಾಯಿತು. ಹುಡುಗರು ಬಂದರು. ಮೊದಲ ದಿನ ನಾಲ್ವರು ಬಂದು ಬೆಂಚು ಎಳೆದ ಸದ್ದಿಗೆ ವೇದವತಿ ಒಳಗೆ ಬೆಚ್ಚಿದಳು. "ಆಂಟಿ, ಇನ್ನೊಂಚೂರು ಚಟ್ನಿ!" "ಲೋ ಮಗಾ, ನಂದು ತಿನ್ಬೇಡ ಕಣೋ!" "ಗುರು, ಕಾಫಿ ಇಲ್ಲೇ ಕುಡಿ, ಸಖತ್ತಾಗಿದೆ." ಆ ಗದ್ದಲದಲ್ಲಿ ಒಂದೊಂದು ದನಿ ಬದರಿಯದೇ ಎಂಬಂತೆ ಕೇಳಿಸಿ, ಇಡ್ಲಿ ತೆಗೆಯುವ ಕೈ ಹಬೆಗೆ ಸಿಕ್ಕಿ ಸುಡುತ್ತಿತ್ತು. ‘ತಿಥಿ ಹೋಟ್ಲು’ ಹೋಗಿ ‘ಹೊಗೆ ಇಡ್ಲಿ’ ಎಂದು ಹೆಸರಾಯಿತು. ಜಯಾ ಬಿ.ಎ.ಗೆ ಸೇರಿದಳು. ಮನೆಯಲ್ಲಿ ಮಧ್ಯಾಹ್ನಕ್ಕೆ ಅನ್ನ, ಸಾರು ಆಗತೊಡಗಿತು.

ಬೆಳಿಗ್ಗೆ ಬಾಗಿಲ ಹಲಗೆ ತೆಗೆಯುವ ಮೊದಲು ಸೇತುರಾಮ ಒಂದು ಕೆಲಸ ಮಾಡುತ್ತಿದ್ದ. ಕಟ್ಟೆಯ ಮೇಲೆ ಹತ್ತಿ, ವಾಲಿಸಿದ ಬೋರ್ಡಿನ ಕೆಳಗಿನಿಂದ ಕೈ ತೂರಿಸಿ, ಹಿಂದುಗಡೆ ಒಮ್ಮೆ ಮುಟ್ಟಿ ಇಳಿಯುತ್ತಿದ್ದ. ಯಾರೂ ನೋಡುತ್ತಿಲ್ಲ ಎಂದುಕೊಂಡು ಮಾಡುತ್ತಿದ್ದದ್ದು. ಅಂಗಳಕ್ಕೆ ನೀರು ಹಾಕಲು ಬಂದ ವೇದವತಿ ಒಂದು ದಿನ ಕಂಡು, ಬಕೆಟ್ಟು ಸಮೇತ ಹಿಂದಕ್ಕೆ ಸರಿದಳು. ಆಮೇಲಿನಿಂದ ಅವನು ಇಳಿಯುವವರೆಗೆ ಒಳಗೇ ಕಾಯುತ್ತಿದ್ದಳು. ಮುಟ್ಟಿ ಬಂದ ಮೇಲೆ ಅವನು ಗಲಗಲ ಮಾತಾಡುತ್ತಿದ್ದ. ಗಿರಾಕಿಗಳ ಹೆಸರು ಹಿಡಿದು ಕರೆಯುತ್ತಿದ್ದ.

ಶ್ರಾವಣದಲ್ಲಿ ವರ್ಷಾಬ್ದಿಕ ಮುಗಿಯಿತು. ಆ ವರ್ಷ ಮಳೆ ಬಿಡದೆ ಹೊಡೆಯಿತು. ಮಹಡಿಯ ನೀರು ಗೋಡೆಗುಂಟ ಇಳಿದು ಮುಂದಿನ ಕೋಣೆಯೆಲ್ಲ ತೇವದ ವಾಸನೆ. ಪಿತೃಪಕ್ಷ ಕಳೆಯುವ ಹೊತ್ತಿಗೆ ಬೋರ್ಡಿನ ಹಿಂದೆ ಗುಬ್ಬಿ ಗೂಡು ಕಟ್ಟಿ, ಹುಲ್ಲುಕಡ್ಡಿ ಗಿರಾಕಿಗಳ ತಲೆಯ ಮೇಲೆ ಬೀಳತೊಡಗಿತು. ಒಂದು ಮಧ್ಯಾಹ್ನ, ಗಂಡ ಸಾಮಾನು ತರಲು ಯಶವಂತಪುರಕ್ಕೆ ಹೋಗಿದ್ದಾಗ, ವೇದವತಿ ಮೇಜಿನ ಮೇಲೆ ಸ್ಟೂಲು ಇಟ್ಟು ಹತ್ತಿದಳು. ಮೇಲಿನಿಂದ ಕೈಹಾಕಿ ಖಾಲಿ ಗೂಡು ತೆಗೆದಳು. ಸಂದಿಯೊಳಗೆ ಬಿಸಿಲು ಬಿತ್ತು.

ನೋಡಬಾರದೆಂದುಕೊಂಡೇ ನೋಡಿದಳು.

ಮುಖವಿರಲಿಲ್ಲ. ತಗಡು ತುಕ್ಕು ಹಿಡಿದು ಬಣ್ಣವೆಲ್ಲ ಹಪ್ಪಳದ ಹಾಗೆ ಎದ್ದಿತ್ತು. ಹುಬ್ಬು ಇದ್ದಲ್ಲಿ, ತುಟಿ ಇದ್ದಲ್ಲಿ, ಕೆಂಪು ಮಿಶ್ರಿತ ಕಂದು ಪುಡಿ. ಗಾಳಿ ಬೀಸಿದಾಗ ನೀಲಿಯ ಒಂದು ಚೂರು ಉದುರಿ ಅವಳ ಕೈಮೇಲೆ ಬಿತ್ತು. ಕೆಳಗಿನ ಅಂಚಿನಲ್ಲಿ, ಗೇಣಗಲದಷ್ಟು ಮಾತ್ರ, ಬಣ್ಣ ಇನ್ನೂ ನುಣ್ಣಗೆ ಉಳಿದಿತ್ತು: ಶರ್ಟಿನ ಕಾಲರು. ಕೆಳಗಿನಿಂದ ಕೈ ತೂರಿಸಿದರೆ ಮುಟ್ಟುವುದು ಅಲ್ಲಿಗೇ. ಅದಕ್ಕಿಂತ ಮೇಲೆ ಸೇತುರಾಮನ ಬೆರಳು ಹೋಗುವಂತಿರಲಿಲ್ಲ.

ಸ್ಟೂಲಿನಿಂದ ಇಳಿದು, ಗೂಡನ್ನು ತಿಪ್ಪೆಗೆ ಹಾಕಿ, ಕೈತೊಳೆದಳು. ತುಕ್ಕಿನ ಬಣ್ಣ ಹೋಗಲು ಹುಣಿಸೆಹಣ್ಣು ಹಾಕಿ ಉಜ್ಜಬೇಕಾಯಿತು.

ಆ ವಾರವೇ ಸೇತುರಾಮ ಹಬ್ಬದ ಮಾತೆತ್ತಿದ. ಸಂಜೆ ಗಿರಾಕಿ ಕಡಿಮೆಯಾಗಿ, ಎಲ್ಲರೂ ಅಡಿಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು.

"ವರ್ಷ ಕಳೀತಲ್ಲ. ಈ ಸಲ ಆಯುಧಪೂಜೆ ಚೆನ್ನಾಗಿ ಮಾಡೋಣ. ಒಲೆ, ರುಬ್ಬೋಕಲ್ಲು ಎಲ್ಲಕ್ಕೂ ಪೂಜೆ. ಬೋರ್ಡನ್ನೂ ಇಳಿಸಿ ತೊಳೆಯೋಣ."

"ಇಳಿಸ್ತೀಯಾ?" ಸುಬ್ಬಲಕ್ಷ್ಮಮ್ಮನ ಮುಖ ಅರಳಿತು. "ಹಾಗಾದ್ರೆ ಒಂದು ದಿನ ಒಳಗೇ ಇಟ್ಕೊಳೋ. ದೇವರ ಮುಂದೆ ಇಟ್ಟು, ಈ ಕಡೆ ತಿರುಗಿಸಿ ಕೂರಿಸೋಣ. ನನ್ನ ಕಣ್ಣು ಪೂರಾ ಹೋಗೋದ್ರೊಳಗೆ ಇನ್ನೊಂದ್ಸಲ ಮಗು ಮುಖ ನೋಡಿಬಿಡ್ತೀನಿ."

"ನನಗೂ ಅದೇ ಆಸೆ ಅಮ್ಮ," ಎಂದ ಸೇತುರಾಮ. ಹೆಂಡತಿಯ ಕಡೆ ತಿರುಗಿ, ಒಂದು ಥರದ ಸಂಕೋಚದಿಂದ, "ವರ್ಷಕ್ಕೊಂದ್ಸಲ ಇಳಿಸಿ ನೋಡೋದು. ಆಗ್ಬಹುದಲ್ಲ ವೇದಾ?" ಎಂದು ಕೇಳಿದ.

"ಹಬ್ಬಕ್ಕೆ ಇನ್ನೂ ದಿನ ಇದೆಯಲ್ಲ, ನೋಡೋಣ," ಎಂದಳು.

"ಅದರಲ್ಲಿ ನೋಡೋದೇನಿದೆಯೋ," ಎಂದರು ಅತ್ತೆ.

ವೇದವತಿ ಲೋಟಗಳನ್ನು ತೊಳೆದಿಟ್ಟು, ನೆನೆದ ಉದ್ದಿನಬೇಳೆ ಬಸಿದು ರುಬ್ಬುವುದಕ್ಕೆ ಕೂತಳು. ಗುಂಡು ತಿರುಗತೊಡಗಿತು. ಬೇಳೆ ನುಣ್ಣಗಾಗುತ್ತ, ಉಬ್ಬುತ್ತ ಬಂತು.

ಬೇಡ ಅನ್ನಬೇಕು. ಬೋರ್ಡು ಇಳಿಸುವ ಹಾಗಿದ್ದರೆ ನಾನು ಹಬ್ಬದ ಅಡಿಗೆ ಮಾಡುವುದಿಲ್ಲ ಎಂದು ಹಟ ಹಿಡಿಯಬೇಕು. ಯಾಕೆ ಎಂದು ಅವರು ಕೇಳೇ ಕೇಳುತ್ತಾರೆ. ಅವನ ಮುಖ ನೋಡುವುದಕ್ಕೆ ನನಗೆ ಇಷ್ಟವಿಲ್ಲ ಅನ್ನಬೇಕು. ಬೇರೆ ಯಾವ ಕಾರಣ ಕೊಟ್ಟರೂ ನಿಲ್ಲುವುದಿಲ್ಲ. ಅತ್ತೆ ಮತ್ತೆ ಲೋಟವನ್ನು ಕಟ್ಟೆಯ ಮೇಲಿಡು ಅನ್ನುತ್ತಾರೆ. ಇವರು ಮತ್ತೆ ಜಯಾಳ ಮೂಲಕ ಮಾತಾಡುತ್ತಾರೆ. ಆಡಲಿ. ಆದರೆ ಬೆಳಿಗ್ಗೆ ಕಟ್ಟೆ ಹತ್ತುತ್ತಾರೆ, ಕೈ ತೂರಿಸುತ್ತಾರೆ, ಮುಟ್ಟಿ ಇಳಿಯುತ್ತಾರೆ. ಈ ವರ್ಷ ಹೀಗೆ ಕಳೆದರೆ ಬರುವ ವರ್ಷಕ್ಕೂ ಇದನ್ನೇ ಹೇಳಬೇಕು. ಅದರ ಮುಂದಿನ ವರ್ಷಕ್ಕೂ.

ಅತ್ತೆ ಕಂಬಕ್ಕೊರಗಿ ಅವಳನ್ನೇ ನೋಡುತ್ತಿದ್ದರು. "ಕೈ ಯಾಕೆ ನಿಲ್ಲಿಸಿಬಿಟ್ಟೆ? ಏನೇ ಅಷ್ಟು ಯೋಚನೆ?"

"ಏನಿಲ್ಲ ಅತ್ತೆ," ಎಂದಳು ವೇದವತಿ, ಅಂಚಿನ ಹಿಟ್ಟನ್ನು ಬೆರಳಿನಿಂದ ಒಳಕ್ಕೆ ಸರಿಸುತ್ತ. "ಉಪ್ಪು ಹಾಕಿದ್ನೋ ಇಲ್ವೋ ಅಂತ."